ಜೋಡಿ ಡಿಸ್ಕ್ ಹಾಕಿಸಿದರೆ ಬ್ಯಾಕಪ್ ಬೇಡವೇ?

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನ ಅಡಿಕೆ ಬೆಳೆಗಾರ. 1996ರಿಂದ ಯಕ್ಷಗಾನ, ತಾಳಮದ್ದಳೆಗಳನ್ನು ರೆಕಾರ್ಡ್ ಮಾಡುವ ಹವ್ಯಾಸವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಅವರ ವೇಷಗಳು ನನ್ನ ಸಂಗ್ರಹದಲ್ಲಿವೆ. ಮೊದಲು ಆಡಿಯೊ ಕ್ಯಾಸೆಟ್, ಆಮೇಲೆ ಮಿನಿ ಡಿವಿ ಟೇಪು, ಈಗ ಮೆಮೊರಿ ಕಾರ್ಡ್. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ, ಒಟ್ಟು 2.4 ಟೆರಾಬೈಟ್ ಆಗಿದೆ. ಕಳೆದ ಮೇ ತಿಂಗಳಲ್ಲಿ ಸಿಡಿಲು ಬಡಿದ ಮರುದಿನ, ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಒಂದು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಚಾಲೂ ಆಗಲೇ ಇಲ್ಲ. ದೀಪವೂ ಇಲ್ಲ, ಸದ್ದೂ ಇಲ್ಲ. ನಲವತ್ತು ರಾತ್ರಿಗಳ ಆಟ ಅದೊಂದರಲ್ಲೇ ಇತ್ತು. ಈಗ ಪೇಟೆಯ ಅಂಗಡಿಯವರು ಎರಡು 4 ಟೆರಾಬೈಟ್ ಡಿಸ್ಕ್‌ಗಳ ಮಿರರ್ ಪೆಟ್ಟಿಗೆ ಕೊಳ್ಳಿ ಎನ್ನುತ್ತಾರೆ. "ಒಂದು ಹೋದರೂ ಇನ್ನೊಂದು ಇರುತ್ತದೆ, ಬ್ಯಾಕಪ್ಪಿನ ಚಿಂತೆಯೇ ಇಲ್ಲ" ಎಂಬುದು ಅವರ ಮಾತು. ಬೆಂಗಳೂರಿನಲ್ಲಿರುವ ಮಗಳು "ಅಪ್ಪಾ, ಅದು ಬ್ಯಾಕಪ್ ಅಲ್ಲ, ಸುಮ್ಮನೆ ದುಡ್ಡು ದಂಡ" ಎನ್ನುತ್ತಾಳೆ. ಯಾರದ್ದು ಸರಿ? ಎರಡೂ ಡಿಸ್ಕ್ ಒಂದೇ ಕಂಪನಿಯದ್ದಾಗಿರಬೇಕೇ? ವಾರಕ್ಕೊಮ್ಮೆ ಒಂದನ್ನು ಕಳಚಿ ಬೇರೆ ಮನೆಯಲ್ಲಿ ಇಡಬಹುದೇ? ಪೆಟ್ಟಿಗೆಯೇ ಕೆಟ್ಟರೆ ಏನು ಗತಿ? ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಹೆಚ್ಚು ಸುರಕ್ಷಿತವೇ? ಕೆಟ್ಟ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಮತ್ತೆ ನಡೆಯುತ್ತದೆ ಎನ್ನುವುದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಲವತ್ತು ರಾತ್ರಿಗಳು. ಶೇಣಿಯವರು 2006ರಲ್ಲಿ, ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿಯವರು 2017ರಲ್ಲಿ ತೀರಿಕೊಂಡರು. ಮದುವೆಯ ಫೋಟೊ ಹೋದರೆ ನೆಂಟರ ಮೊಬೈಲುಗಳಲ್ಲಿ ಒಂದಿಷ್ಟು ಸಿಕ್ಕೀತು. ಅಂಗಡಿಯ ಲೆಕ್ಕ ಹೋದರೆ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮತ್ತೆ ಬರೆಯಬಹುದು. ತಾಳಮದ್ದಳೆಯ ಅರ್ಥ, ಅಂದರೆ ಪಾತ್ರವಾಗಿ ಕಲಾವಿದರು ಆಡುವ ಮಾತು, ಆ ಹೊತ್ತಿನಲ್ಲಿ, ಎದುರು ಕುಳಿತವರ ಮಾತಿಗೆ ಉತ್ತರವಾಗಿ ಹುಟ್ಟುವಂಥದ್ದು. ಅದೇ ಪ್ರಸಂಗಕ್ಕೆ ಅದೇ ಅರ್ಥಧಾರಿ ಮರುದಿನ ಕುಳಿತರೂ ನಿನ್ನೆಯ ಮಾತು ಬರುವುದಿಲ್ಲ. ಆದ್ದರಿಂದ ಕಚೇರಿಯ ಕಂಪ್ಯೂಟರಿಗೆ ಕೊಡುವ ಸಲಹೆಯನ್ನೇ ನಿಮಗೂ ಕೊಟ್ಟು ಮುಗಿಸಲು ನನಗೆ ಮನಸ್ಸಿಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಂಗಡಿಯವರ ಮಾತಿನ ಮೊದಲರ್ಧ ಸರಿಯಾಗಿದೆ, ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಇರುತ್ತದೆ. ಎರಡನೆಯ ಅರ್ಧ ಅಪಾಯಕಾರಿ. ನಿಮ್ಮ ಮಗಳು "ಅದು ಬ್ಯಾಕಪ್ ಅಲ್ಲ" ಎಂದದ್ದು ಅಕ್ಷರಶಃ ನಿಜ. ದುಡ್ಡು ದಂಡ ಎಂಬುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಮಿರರ್‌ಗೆ ಅದರದೇ ಆದ ಕೆಲಸವಿದೆ, ಆದರೆ ನಿಮಗೆ ಈಗ ತುರ್ತಾಗಿ ಬೇಕಾಗಿರುವ ಕೆಲಸ ಅದಲ್ಲ.

ಮಿರರ್ ಮಾಡುವುದು ಇಷ್ಟು. ಕಂಪ್ಯೂಟರ್ ಬರೆದದ್ದೆಲ್ಲವೂ ಎರಡೂ ಡಿಸ್ಕ್‌ಗಳಿಗೆ ಏಕಕಾಲಕ್ಕೆ ಹೋಗುತ್ತದೆ. ಹಾಗಾಗಿ 4 ಟೆರಾಬೈಟಿನ ಎರಡು ಡಿಸ್ಕ್ ಹಾಕಿದರೂ ನಿಮಗೆ ಸಿಗುವ ಜಾಗ 4 ಟೆರಾಬೈಟ್ ಮಾತ್ರ. ಇದನ್ನು ರೇಡ್ 1 ಎಂದೂ ಕರೆಯುತ್ತಾರೆ. ಈ ಹೆಸರಿನ ಮೂಲ 1988ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧದಲ್ಲಿದೆ. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಗುಂಪಾಗಿ ದುಡಿಸಬಹುದೇ ಎಂಬುದು ಅವರ ವಿಚಾರವಾಗಿತ್ತು. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಂತೆ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚುತ್ತದೆ, ಹಾಗೆ ಕೆಟ್ಟಾಗ ಕೆಲಸ ನಿಲ್ಲಬಾರದು. ಈ ಚಿಂತೆಗೆ ಅವರು ಪಟ್ಟಿಮಾಡಿದ ಪರಿಹಾರಗಳಲ್ಲಿ ಮೊದಲನೆಯದು ಆಗಲೇ ಬಳಕೆಯಲ್ಲಿದ್ದ ಮಿರರ್. ಇಲ್ಲಿ ಗಮನವೆಲ್ಲ ಯಂತ್ರ ನಿಲ್ಲುವುದರ ಮೇಲಿದೆ. ಅದರಲ್ಲಿ ಬರೆದದ್ದು ಬೇಕಾದದ್ದೋ ಬೇಡವಾದದ್ದೋ, ನೀವು ಬರೆದದ್ದೋ ವೈರಸ್ ಬರೆದದ್ದೋ ಎಂಬುದು ಮಿರರ್‌ಗೆ ತಿಳಿಯುವುದಿಲ್ಲ.

ಯಂತ್ರ ನಿಲ್ಲುವುದು ಅಪರೂಪವೇನಲ್ಲ. ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತದೆ, ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ಲಕ್ಷಗಟ್ಟಲೆ ಡಿಸ್ಕ್‌ಗಳನ್ನು ಓಡಿಸುತ್ತ ಅವುಗಳ ಲೆಕ್ಕವನ್ನು ಹಲವು ವರ್ಷಗಳಿಂದ ಬಹಿರಂಗವಾಗಿ ಪ್ರಕಟಿಸುತ್ತಿದೆ. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಡಿಸ್ಕ್‌ಗಳು ಕೆಟ್ಟಿವೆ. ತಂಪಾದ, ವಿದ್ಯುತ್ ಏರಿಳಿತವಿಲ್ಲದ ಕಟ್ಟಡದಲ್ಲಿ ಕಂಡ ಲೆಕ್ಕ ಅದು. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗಿ ಬರುವ, ಮೇ ತಿಂಗಳಲ್ಲಿ ಬೆವರಿಳಿಯುವ ಕೋಣೆಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಿರೀಕ್ಷಿಸಬೇಡಿ. ಡಿಸ್ಕ್ ಕೆಡುವ ಮುನ್ನ ತಾನೇ ಎಚ್ಚರಿಸುತ್ತದೆ ಎಂಬ ನಂಬಿಕೆಯೂ ಬಹಳ ಜನರಲ್ಲಿದೆ. ಸ್ಮಾರ್ಟ್ ಎಂಬ ಸ್ವಯಂತಪಾಸಣೆ ಎಲ್ಲ ಡಿಸ್ಕ್‌ಗಳಲ್ಲೂ ಇದೆ ನಿಜ. ಆದರೆ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ತಪಾಸಣೆಯ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಎಚ್ಚರಿಕೆ ಬಂದರೆ ತಕ್ಷಣ ನಂಬಿ. ಬಾರದಿದ್ದರೆ ನೆಮ್ಮದಿಯಿಂದ ಮಲಗಬೇಡಿ.

ಈಗ ಮಿರರ್ ಕಾಯದ ಕಡೆಗೆ ಬರೋಣ. ಡೇಟಾ ಕಳೆದುಕೊಂಡು ನನ್ನ ಬಳಿಗೆ ಬಂದವರಲ್ಲಿ ಎಷ್ಟೋ ಮಂದಿಯ ಡಿಸ್ಕ್ ಚೆನ್ನಾಗಿಯೇ ಇತ್ತು. ಹಳೆಯ ಫೋಲ್ಡರ್ ಎಂದು ಹೊಸದನ್ನು ಅಳಿಸಿದವರು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಹೋಗಿ ದೊಡ್ಡ ಡಿಸ್ಕನ್ನೇ ಆರಿಸಿದವರು, ಎಡಿಟ್ ಮಾಡಿದ ತುಣುಕನ್ನು ಮೂಲ ಫೈಲಿನ ಹೆಸರಿನಲ್ಲೇ ಉಳಿಸಿದವರು, ಯಾವುದೋ ಅಟ್ಯಾಚ್‌ಮೆಂಟ್ ತೆರೆದು ಎಲ್ಲ ಫೈಲುಗಳಿಗೂ ಬೀಗ ಬಿದ್ದು ಹಣದ ಬೇಡಿಕೆ ಪರದೆಯ ಮೇಲೆ ಬಂದವರು. ಇಂಥ ಪ್ರತಿಯೊಂದು ಸಂದರ್ಭದಲ್ಲೂ ಮಿರರ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತದೆ: ಅಳಿಸಿದ್ದನ್ನು ಎರಡೂ ಕಡೆ ಅಳಿಸುತ್ತದೆ, ಬೀಗ ಹಾಕಿದ್ದನ್ನು ಎರಡೂ ಕಡೆ ಬರೆಯುತ್ತದೆ. ಆಗ ಎರಡನೆಯ ಡಿಸ್ಕಿನಲ್ಲಿದೆ ಎಂದುಕೊಂಡದ್ದು ಕನ್ನಡಿಯೊಳಗಿನ ಗಂಟಾಗಿಬಿಡುತ್ತದೆ.

2008ರ ಕೊನೆಯಲ್ಲಿ ಅಮೆರಿಕದ ಜರ್ನಲ್‌ಸ್ಪೇಸ್ ಎಂಬ ಬ್ಲಾಗ್ ತಾಣಕ್ಕೆ ಇದೇ ಆಯಿತು. ಅದರ ಸರ್ವರಿನಲ್ಲಿ ಎರಡು ದೊಡ್ಡ ಡಿಸ್ಕ್‌ಗಳ ಮಿರರ್ ಇತ್ತು, ಅದನ್ನೇ ಬ್ಯಾಕಪ್ ಎಂದು ನಂಬಿಕೊಂಡಿದ್ದರು. ಒಂದು ದಿನ ಡೇಟಾಬೇಸಿನ ಮೇಲೆ ಬೇರೇನೋ ಬರೆಯಲ್ಪಟ್ಟು ಎಲ್ಲವೂ ಅಳಿಸಿಹೋಯಿತು. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ರಿಕವರಿ ಕಂಪನಿಗೆ ಕಳುಹಿಸಿದರೂ ಏನೂ ಸಿಗಲಿಲ್ಲ. ಜನರು ವರ್ಷಗಟ್ಟಲೆ ಬರೆದಿಟ್ಟ ದಿನಚರಿಗಳು ಹೋದವು, ತಾಣ ಬಾಗಿಲು ಹಾಕಿತು. ಈ ಪ್ರಕರಣವನ್ನು ನಾನು ತುಂಬ ಜನರಿಗೆ ಹೇಳಿದ್ದೇನೆ, ಏಕೆಂದರೆ ಅವರು ನಂಬಿದ್ದು ನಿಮ್ಮ ಅಂಗಡಿಯವರು ಹೇಳಿದ ಮಾತನ್ನೇ.

ನಿಮ್ಮ ಊರಿನ ಮಟ್ಟಿಗೆ ಇನ್ನೊಂದು ಅಪಾಯ ದೊಡ್ಡದು. ಮಿರರ್‌ನ ಎರಡೂ ಡಿಸ್ಕ್‌ಗಳು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಪವರ್ ಸಪ್ಲೈಗೆ, ಒಂದೇ ಪ್ಲಗ್ಗಿಗೆ ಸೇರಿಕೊಂಡಿರುತ್ತವೆ. ಏಪ್ರಿಲ್-ಮೇ ತಿಂಗಳ ಸಿಡಿಲು, ಅಕ್ಟೋಬರಿನ ಹಿಂಗಾರು ಸಿಡಿಲು ನಿಮಗೆ ನಾನು ಹೇಳಿಕೊಡಬೇಕಾದ್ದಲ್ಲ. ಅದು ವಿದ್ಯುತ್ ತಂತಿಯಿಂದಷ್ಟೇ ಅಲ್ಲ, ಇಂಟರ್ನೆಟ್ಟಿನ ತಾಮ್ರದ ತಂತಿಯಿಂದಲೂ ಒಳಗೆ ಬರುತ್ತದೆ. ಮೇ ತಿಂಗಳ ಆ ರಾತ್ರಿ ನಿಮ್ಮಲ್ಲಿ ಮಿರರ್ ಪೆಟ್ಟಿಗೆ ಇದ್ದಿದ್ದರೆ ಎರಡೂ ಡಿಸ್ಕ್ ಒಟ್ಟಿಗೆ ಹೋಗುವ ಸಂಭವ ಚೆನ್ನಾಗಿಯೇ ಇತ್ತು. ಯುಪಿಎಸ್ ಇದ್ದರೆ ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲುವುದಿಲ್ಲ. ಅದನ್ನು ಖಂಡಿತ ಹಾಕಿಸಿಕೊಳ್ಳಿ. ಹತ್ತಿರದಲ್ಲಿ ಬಡಿದ ಸಿಡಿಲನ್ನು ಮಾತ್ರ ಅದು ತಡೆಯುವುದಿಲ್ಲ. ಗುಡುಗು ಕೇಳಿದೊಡನೆ ಕಂಪ್ಯೂಟರ್ ಮುಚ್ಚಿ, ಪ್ಲಗ್ ಕಿತ್ತು, ಇಂಟರ್ನೆಟ್ ತಂತಿಯನ್ನೂ ಬಿಡಿಸಿಡುವುದೊಂದೇ ನನಗೆ ಗೊತ್ತಿರುವ ಖಚಿತ ಉಪಾಯ. ಕಳ್ಳತನ, ಬೆಂಕಿ, ನೆರೆ ಬಂದಾಗಲೂ ಇದೇ ಕಥೆ. ಪೆಟ್ಟಿಗೆಯ ಜೊತೆಗೆ ಎರಡೂ ಹೋಗುತ್ತವೆ.

ಒಂದು ಡಿಸ್ಕ್ ಕೆಡುವುದೇ ನೂರಕ್ಕೆ ಒಂದೆರಡಾದರೆ ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರಕ್ಕೆ ಒಂದರಿಂದ ನಾಲ್ಕು ತಾನೇ ಎಂದು ಲೆಕ್ಕ ಹಾಕುವವರಿದ್ದಾರೆ. ಎರಡು ಡಿಸ್ಕ್‌ಗಳಿಗೂ ಯಾವ ಸಂಬಂಧವೂ ಇಲ್ಲದಿದ್ದರೆ ಆ ಲೆಕ್ಕ ನಡೆದೀತು. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತೆಗೆದುಕೊಟ್ಟ ಡಿಸ್ಕ್‌ಗಳು ಬಹುಶಃ ಒಂದೇ ಕಾರ್ಖಾನೆಯ ಒಂದೇ ಬ್ಯಾಚಿನ ಮಾಲು. ಆಮೇಲೆ ಅವು ಉಂಡ ಬಿಸಿ ಒಂದೇ, ಓಡಿದ ಗಂಟೆಗಳು ಒಂದೇ. ಒಂದು ಸವೆದ ಹೊತ್ತಿಗೆ ಇನ್ನೊಂದೂ ಸವೆದಿರುತ್ತದೆ. ಮೊದಲನೆಯದು ಕೆಟ್ಟು, ಹೊಸದು ಹಾಕಿದಾಗ ಉಳಿದ ಹಳೆಯ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. 4 ಟೆರಾಬೈಟನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ ಏಳೂವರೆ ಗಂಟೆ ಬಿಡುವಿಲ್ಲದ ಕೆಲಸ. ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದ ಮೂಲೆಗಳಲ್ಲಿನ ದೋಷ ಹೊರಬೀಳುವುದು ಆಗಲೇ. ಆದ್ದರಿಂದ ಎರಡೂ ಡಿಸ್ಕ್ ಒಂದೇ ಕಂಪನಿಯದ್ದಾಗಬೇಕಿಲ್ಲ, ಆಗದಿದ್ದರೆ ನನಗೆ ಹೆಚ್ಚು ಸಂತೋಷ. ಅಳತೆ ಒಂದೇ ಇದ್ದರೆ ಸಾಕು. ಒಂದೇ ಕಂಪನಿಯದ್ದೇ ಸಿಕ್ಕರೆ ಕೆಲವು ತಿಂಗಳ ಅಂತರದಲ್ಲಿ, ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಿ.

ಮಿರರ್ ವಿಷಯದಲ್ಲಿ ನಾನು ಅತಿ ಹೆಚ್ಚು ಸಲ ಕಂಡ ಅನಾಹುತ ಇದಾವುದೂ ಅಲ್ಲ. ಒಂದು ಡಿಸ್ಕ್ ಸತ್ತದ್ದು ಯಾರಿಗೂ ತಿಳಿಯದೇ ಹೋಗುವುದು. ಮಿರರ್ ಚೆನ್ನಾಗಿ ಕೆಲಸ ಮಾಡಿದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಕೆಲಸ ಎಂದಿನಂತೆ ಸಾಗುತ್ತಿರುತ್ತದೆ. ಒಂದು ಕಚೇರಿಗೆ ಕರೆದಿದ್ದರು. ಸರ್ವರ್ ಪೆಟ್ಟಿಗೆಯ ಮುಂದೆ ಕ್ಯಾಲೆಂಡರ್ ಒರಗಿಸಿಟ್ಟಿದ್ದರು. ಅದನ್ನು ಸರಿಸಿದರೆ ಒಂದು ದೀಪ ಕೆಂಪಾಗಿ ಉರಿಯುತ್ತಿತ್ತು, ಇನ್ನೊಂದು ಆರಿತ್ತು. ದಾಖಲೆ ತೆಗೆದು ನೋಡಿದೆ. ಮೊದಲ ಡಿಸ್ಕ್ ಸತ್ತು ಎಂಟು ತಿಂಗಳಾಗಿತ್ತು, ಎರಡನೆಯದು ಸತ್ತದ್ದು ಆ ದಿನ ಬೆಳಿಗ್ಗೆ. ಎಂಟು ತಿಂಗಳ ಕಾಲ ಅವರು ಒಂದೇ ಡಿಸ್ಕಿನ ಮೇಲೆ ಬದುಕುತ್ತಿದ್ದರು, ಮಿರರ್ ಇದೆ ಎಂಬ ಧೈರ್ಯದಿಂದ ಬೇರೆ ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. ಮಿರರ್ ಹಾಕಿಸುವುದಾದರೆ ಡಿಸ್ಕ್ ಕೆಟ್ಟಾಗ ಜೋರಾಗಿ ಕೂಗುವ ಅಥವಾ ಇಮೇಲ್ ಕಳುಹಿಸುವ ಪೆಟ್ಟಿಗೆಯನ್ನೇ ಆರಿಸಿ, ಆ ಇಮೇಲ್ ಮಗಳಿಗೂ ಹೋಗುವಂತೆ ಮಾಡಿ. ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಅದಿರುವ ಗೂಡಿನ ಮೇಲೆ ಬರೆದು ಅಂಟಿಸಿ. ಕೆಟ್ಟದ್ದನ್ನು ಕಳಚಲು ಹೋಗಿ ಒಳ್ಳೆಯದನ್ನು ಕಿತ್ತು, ಗಾಬರಿಯಲ್ಲಿ ಖಾಲಿ ಡಿಸ್ಕನ್ನೇ ಮೂಲವೆಂದು ಒಪ್ಪಿಸಿ, ಖಾಲಿಯನ್ನು ತುಂಬಿದ್ದರ ಮೇಲೆ ಬರೆಸಿಕೊಂಡವರನ್ನೂ ನೋಡಿದ್ದೇನೆ.

ವಾರಕ್ಕೊಮ್ಮೆ ಒಂದನ್ನು ಕಳಚಿ ಬೇರೆ ಮನೆಯಲ್ಲಿಡುವ ನಿಮ್ಮ ಯೋಚನೆಗೆ ಇದೇ ಕಾರಣದಿಂದ ಬೇಡ ಎನ್ನುತ್ತೇನೆ. ಪ್ರತಿ ಸಲ ಕಳಚಿದಾಗಲೂ ಮಿರರ್ ಮುರಿಯುತ್ತದೆ, ಮರಳಿ ಹಾಕಿದಾಗ ಸಾಮಾನ್ಯ ಪೆಟ್ಟಿಗೆಗಳು ಇಡೀ ಡಿಸ್ಕನ್ನು ಮತ್ತೆ ಬರೆಯುತ್ತವೆ. ವಾರಕ್ಕೊಂದು ರಾತ್ರಿ ಡಿಸ್ಕ್‌ಗಳಿಗೆ ಅನವಶ್ಯಕ ದುಡಿಮೆ, ಅಷ್ಟು ಹೊತ್ತು ಎರಡನೆಯ ಪ್ರತಿ ಇಲ್ಲದ ಸ್ಥಿತಿ, ದಿಕ್ಕು ತಪ್ಪಿ ಹಳೆಯದು ಹೊಸದರ ಮೇಲೆ ಹೋಗುವ ಭಯ. ನಿಮ್ಮ ಉದ್ದೇಶ ಒಳ್ಳೆಯದು, ದಾರಿ ಮಾತ್ರ ತೊಡಕಿನದು. ಬೇರೆ ಮನೆಯಲ್ಲಿಡಲು ಬೇರೆಯದೇ ಡಿಸ್ಕ್ ತೆಗೆದುಕೊಳ್ಳಿ.

ಪೆಟ್ಟಿಗೆ ಕೆಟ್ಟರೆ ಎಂದು ಕೇಳಿದ್ದೀರಿ. ಇದನ್ನು ಕೊಳ್ಳುವ ಮೊದಲೇ ಕೇಳುವವರು ಕಡಿಮೆ. ಕೆಲವು ಅಗ್ಗದ ಪೆಟ್ಟಿಗೆಗಳು ಡೇಟಾವನ್ನು ತಮ್ಮದೇ ರೀತಿಯಲ್ಲಿ ಜೋಡಿಸುತ್ತವೆ, ಕೆಲವು ತಮ್ಮೊಳಗಿನ ಚಿಪ್ಪಿನ ಮೂಲಕ ಗೂಢಲಿಪಿಯಲ್ಲಿ ಬರೆಯುತ್ತವೆ. ಡಿಸ್ಕನ್ನು ಕಳಚಿ ನೇರವಾಗಿ ಕಂಪ್ಯೂಟರಿಗೆ ಹಾಕಿದರೆ ಖಾಲಿಯಂತೆ ಕಾಣುತ್ತದೆ. ಆಗ ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಯನ್ನು ಹುಡುಕುತ್ತ ಅಲೆಯಬೇಕು, ಗೂಢಲಿಪಿಯಾಗಿದ್ದರೆ ಅದೂ ಸಾಲದೆ ಹೋಗಬಹುದು. ವಿಂಡೋಸಿನಂತೆ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್ ಆಧರಿಸಿದ, ಮನೆಯ ನೆಟ್‌ವರ್ಕಿಗೆ ಸೇರಿಸಿಡುವ ಸಿನಾಲಜಿಯಂಥ ನ್ಯಾಸ್ ಪೆಟ್ಟಿಗೆಗಳಲ್ಲಿ ಈ ತೊಂದರೆ ಕಡಿಮೆ. ಗೂಢಲಿಪಿ ಆಯ್ಕೆ ಮಾಡಿಕೊಳ್ಳದಿದ್ದರೆ ಅದರ ಡಿಸ್ಕನ್ನು ಲಿನಕ್ಸ್ ಇರುವ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಡಿಸ್ಕ್‌ಗಳನ್ನು ಒಗ್ಗೂಡಿಸಲು ವಿಂಡೋಸಿನಲ್ಲೇ ಇರುವ ಸ್ಟೋರೇಜ್ ಸ್ಪೇಸಸ್ ಎಂಬ ಸೌಲಭ್ಯದಲ್ಲಿ ಮಾಡಿದ ಮಿರರ್ ಅನ್ನು ಇನ್ನೊಂದು ವಿಂಡೋಸ್ ಕಂಪ್ಯೂಟರ್ ಓದುತ್ತದೆ. ಯಾವುದನ್ನು ಕೊಂಡರೂ ಖಾಲಿ ಇರುವಾಗಲೇ ನಾಲ್ಕು ಫೈಲ್ ಹಾಕಿ, ಒಂದು ಡಿಸ್ಕ್ ಕಳಚಿ, ಬೇರೆ ಕಂಪ್ಯೂಟರಿನಲ್ಲಿ ಅವು ತೆರೆಯುತ್ತವೆಯೇ ನೋಡಿ. ಅಂಗಡಿಯವರ ಎದುರಿಗೇ ನೋಡಿ.

ಇನ್ನೊಂದು ಸೂಕ್ಷ್ಮ. ಸಾಧಾರಣ ಮಿರರ್‌ನಲ್ಲಿ ಎರಡು ಡಿಸ್ಕ್‌ಗಳು ಬೇರೆ ಬೇರೆ ಹೇಳಿದರೆ ಯಾವುದು ಸರಿ ಎಂದು ತೀರ್ಮಾನಿಸಲು ದಾರಿಯಿಲ್ಲ. ಇಬ್ಬರು ಸಾಕ್ಷಿಗಳು ಎರಡು ಮಾತು ಹೇಳಿದಂತೆ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗಳು ಪ್ರತಿ ತುಣುಕಿನ ಜೊತೆಗೂ ಚೆಕ್‌ಸಮ್ ಎಂಬ ಬೆರಳಚ್ಚಿನಂಥ ಗುರುತನ್ನು ಬರೆದಿಡುತ್ತವೆ. ಗುರುತಿಗೆ ಹೊಂದದ ಪ್ರತಿಯನ್ನು ಪಕ್ಕದ ಡಿಸ್ಕಿನಿಂದ ತಾವೇ ತಿದ್ದುತ್ತವೆ. ಮಿರರ್ ನಿಜವಾಗಿ ಸಾರ್ಥಕವಾಗುವುದು ಇಂಥ ಕಡೆ. ನ್ಯಾಸ್ ಕೊಳ್ಳುವುದಾದರೆ ಈ ಸೌಲಭ್ಯ ಇದೆಯೇ ಎಂದು ಕೇಳಿ.

ಹಾಗಾದರೆ ಮಿರರ್ ಯಾರಿಗೆ? ಆಸ್ಪತ್ರೆಗೆ, ಸೊಸೈಟಿಯ ಕೌಂಟರಿಗೆ, ರಾತ್ರಿ ಹನ್ನೆರಡಕ್ಕೆ ಪುಟ ಮುಗಿಸಬೇಕಾದ ಪತ್ರಿಕೆಗೆ. ಅವರಿಗೆ ಒಂದು ಗಂಟೆ ಕೆಲಸ ನಿಂತರೂ ನಷ್ಟ. ಅಲ್ಲಿ ಕೊನೆಯ ಬ್ಯಾಕಪ್ಪಿನ ನಂತರ ಬರೆದ ಹೊಸ ಡೇಟಾವನ್ನು ಮಿರರ್ ಕಾಯುತ್ತದೆ, ಹಳೆಯದನ್ನು ಬ್ಯಾಕಪ್ ಕಾಯುತ್ತದೆ. ನಿಮ್ಮ ಸಂಗ್ರಹದ ಸ್ವಭಾವವೇ ಬೇರೆ. 1998ರ ಒಂದು ತಾಳಮದ್ದಳೆ ಇನ್ನು ಬದಲಾಗುವುದಿಲ್ಲ. ವರ್ಷಕ್ಕೆ ಒಂದಿಷ್ಟು ಹೊಸದು ಸೇರುತ್ತದೆ, ಅಷ್ಟೇ. ಡಿಸ್ಕ್ ಕೆಟ್ಟು ನಾಲ್ಕು ದಿನ ಕೇಳಲು ಆಗದಿದ್ದರೆ ನಿಮಗೆ ನಷ್ಟವಿಲ್ಲ. ನಿಮಗೆ ಬೇಕಾಗಿರುವುದು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದ, ಒಂದಕ್ಕೊಂದು ತಂತಿಯ ಸಂಬಂಧವಿಲ್ಲದ ಪ್ರತಿಗಳು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವೂ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಆ ಪೆಟ್ಟಿಗೆಯ ಹಣದಲ್ಲಿ 4 ಟೆರಾಬೈಟಿನ ಮೂರು ಸಾದಾ ಡಿಸ್ಕ್ ಕೊಳ್ಳುತ್ತಿದ್ದೆ. ಒಂದು ದಿನನಿತ್ಯದ ಬಳಕೆಗೆ. ಎರಡನೆಯದು ಮನೆಯ ಕಬ್ಬಿಣದ ಕಪಾಟಿನಲ್ಲಿ, ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ. ತಿಂಗಳಿಗೊಮ್ಮೆ ತೆಗೆದು, ಹೊಸದನ್ನು ಸೇರಿಸಿ, ಮತ್ತೆ ಒಳಗಿಡಬೇಕು. ಕೆಲಸವಿಲ್ಲದಾಗ ಅದಕ್ಕೆ ಯಾವ ತಂತಿಯೂ ತಗಲಿರಬಾರದು. ಮೂರನೆಯದು ಮಗಳ ಮನೆಯಲ್ಲಿ. ಅವರು ಹಬ್ಬಕ್ಕೆ ಊರಿಗೆ ಬರುವಾಗ ಅದನ್ನು ತಂದು, ತುಂಬಿಸಿಕೊಂಡು, ಮರಳಿ ಒಯ್ಯಲಿ. ಈ ಏರ್ಪಾಡಿನಲ್ಲೂ ದೋಷವಿದೆ. ತಿಂಗಳ ಕೆಲಸ ಎರಡು ತಿಂಗಳಿಗೆ, ಆರು ತಿಂಗಳಿಗೆ ಜಾರುತ್ತದೆ. ಅದಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ, ಅಮಾವಾಸ್ಯೆಯೋ ಸಂಕಷ್ಟಿಯೋ ನೆನಪಿಡಲು ಸುಲಭವಾದದ್ದು. ಇನ್ನೊಂದು ದೋಷ, ನಿನ್ನೆ ರಾತ್ರಿಯ ಆಟ ಒಂದೇ ಡಿಸ್ಕಿನಲ್ಲಿರುತ್ತದೆ. ಅದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ: ಎರಡು ಡಿಸ್ಕ್‌ಗಳಿಗೆ ಹೋಗಿ ಸೇರುವ ತನಕ ಮೆಮೊರಿ ಕಾರ್ಡನ್ನು ಅಳಿಸಬೇಡಿ. ಎರಡು ಕಾರ್ಡ್ ಹೆಚ್ಚಿಗೆ ಕೊಂಡರೆ ಸಾಕು, ನಿಮ್ಮ ಮಟ್ಟಿಗೆ ಮಿರರ್ ಮಾಡುವ ಕೆಲಸವನ್ನು ಅವೇ ಮಾಡುತ್ತವೆ.

ಪ್ರತಿ ಮಾಡುವಾಗ ಒಂದು ಎಚ್ಚರಿಕೆ. ಬ್ಯಾಕಪ್ ತಂತ್ರಾಂಶಗಳಲ್ಲಿ ಸಿಂಕ್, ಮಿರರ್ ಎಂಬ ಆಯ್ಕೆಗಳಿರುತ್ತವೆ. ಮೂಲದಲ್ಲಿ ಇಲ್ಲದ್ದನ್ನು ಅವು ಪ್ರತಿಯಿಂದಲೂ ಅಳಿಸುತ್ತವೆ. ಕಪಾಟಿನಲ್ಲಿ ಜೋಪಾನವಾಗಿಟ್ಟ ಡಿಸ್ಕನ್ನು ತಂದು ಆ ಗುಂಡಿ ಒತ್ತಿದರೆ ಅಪ್ಪಿತಪ್ಪಿ ಅಳಿಸಿದ ಫೋಲ್ಡರ್ ಅಲ್ಲಿಂದಲೂ ಹೋಗುತ್ತದೆ. ನಿಮಗೆ ಸೇರಿಸುವುದು ಮಾತ್ರ ಬೇಕು, ಅಳಿಸುವುದು ಬೇಡ. ಹೊಸ ರೆಕಾರ್ಡಿಂಗಿಗೆ ದಿನಾಂಕ, ಸ್ಥಳ, ಪ್ರಸಂಗದ ಹೆಸರಿನ ಹೊಸ ಫೋಲ್ಡರ್ ಮಾಡಿ, ಅದನ್ನಷ್ಟೇ ನಕಲಿಸಿ. ಟೆರಾಕಾಪಿಯಂಥ ತಂತ್ರಾಂಶ ಬಳಸಿದರೆ ನಕಲಾದ ಮೇಲೆ ಮೂಲದೊಂದಿಗೆ ಹೋಲಿಸಿ ಖಚಿತಪಡಿಸುತ್ತದೆ. ಮೊದಲ ಸಲ 2.4 ಟೆರಾಬೈಟ್ ನಕಲಿಸಲು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಆರೇಳು ಗಂಟೆ ಬೇಕು, ಹೋಲಿಸಲು ಮತ್ತೆ ಅಷ್ಟೇ. ಗುಡುಗಿನ ಸೂಚನೆ ಇಲ್ಲದ ದಿನ ಕೂರಿ.

ವರ್ಷಕ್ಕೆ ಒಮ್ಮೆಯಾದರೂ ಪ್ರತಿಗಳಿಂದ ನಿಜವಾಗಿ ತೆರೆದು ಕೇಳಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ತಂತ್ರಜ್ಞಾನ ಕಂಪನಿಯಲ್ಲಿ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನು ಅಳಿಸಿದರು. ಡೇಟಾ ಕಾಯಲೆಂದು ಐದು ಬಗೆಯ ಏರ್ಪಾಡುಗಳಿದ್ದವು. ಆ ಹೊತ್ತಿನಲ್ಲಿ ಯಾವುದೂ ನೆಚ್ಚುವಂತಿರಲಿಲ್ಲ ಎಂದು ಕಂಪನಿಯೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿತು. ಅವರನ್ನು ಉಳಿಸಿದ್ದು ಬೇರಾವುದೋ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಫೈಲಿನ ಹೆಸರು ಪಟ್ಟಿಯಲ್ಲಿ ಕಂಡರೆ ಸಾಲದು. ನಾಲ್ಕಾರು ರೆಕಾರ್ಡಿಂಗುಗಳನ್ನು ಆರಿಸಿ, ಕೊನೆಯ ಐದು ನಿಮಿಷ ಮಂಗಳದವರೆಗೆ ಕೇಳಿ. ಅರ್ಧಕ್ಕೆ ನಕಲಾದ ಫೈಲ್ ಸಿಕ್ಕಿಬೀಳುವುದು ಅಲ್ಲಿಯೇ. ಐದಾರು ವರ್ಷವಾದ ಡಿಸ್ಕನ್ನು ಚೆನ್ನಾಗಿದ್ದರೂ ಬದಲಿಸಿ, ಹಳೆಯದನ್ನು ಎಸೆಯದೆ ನಾಲ್ಕನೆಯ ಪ್ರತಿಯಾಗಿ ಇಟ್ಟುಕೊಳ್ಳಿ.

ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿಡುವ ಪ್ರತಿಗೆ ನಾನು ಒಪ್ಪುವುದಿಲ್ಲ. ಬಿದ್ದರೆ ಒಡೆಯದು, ವೇಗ ಹೆಚ್ಚು, ಎಡಿಟಿಂಗಿಗೆ ಬಹಳ ಒಳ್ಳೆಯದು. ಆದರೆ ಅದು ಡೇಟಾವನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ, ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಆವೇಶ ಮೆಲ್ಲಗೆ ಸೋರುತ್ತದೆ. ಬಹಳ ಬರೆದು ಸವೆದ ಎಸ್‌ಎಸ್‌ಡಿಯಲ್ಲಿ, ಬಿಸಿ ಜಾಗದಲ್ಲಿ ಇದು ಇನ್ನೂ ಬೇಗ. ಅಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದ ಮರಳಿ ಪಡೆಯುವಷ್ಟು ಸುಲಭವಾಗಿ ಅದರಿಂದ ಪಡೆಯಲೂ ಆಗುವುದಿಲ್ಲ.

ಕ್ಲೌಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೂ 2.4 ಟೆರಾಬೈಟ್ ಏರಿಸಲು ಹಗಲಿರುಳು ಹನ್ನೊಂದು ದಿನ ಬೇಕು. ಎಲ್ಲವನ್ನೂ ಏರಿಸಬೇಡಿ. ಮಿನಿ ಡಿವಿ ವೀಡಿಯೊ ಗಂಟೆಗೆ ಸುಮಾರು 13 ಗಿಗಾಬೈಟ್. ಸಿಡಿ ಗುಣಮಟ್ಟದ ಆಡಿಯೊ ಗಂಟೆಗೆ 635 ಮೆಗಾಬೈಟ್, ಅದನ್ನು ಗುಣ ಕೆಡಿಸದ ಫ್ಲಾಕ್ ರೂಪಕ್ಕೆ ತಂದರೆ ಅದರ ಅರ್ಧದಷ್ಟು. ತಾಳಮದ್ದಳೆಯ ಜೀವವಿರುವುದು ಮಾತಿನಲ್ಲಿ. ಆಡಿಯೊಗಳನ್ನಷ್ಟೇ ಏರಿಸಿದರೆ ವೆಚ್ಚ, ಸಮಯ ಎರಡೂ ಹಿಡಿತಕ್ಕೆ ಬರುತ್ತವೆ. ಗೂಗಲ್ ಡ್ರೈವಿನಲ್ಲಿ ಕೂಡ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ ಎಂಬುದು ನೆನಪಿರಲಿ. ಯೂಟ್ಯೂಬಿಗೆ ಹಾಕಿದ್ದನ್ನು ಪ್ರತಿ ಎಂದು ಎಣಿಸಬೇಡಿ. ಅಲ್ಲಿ ಹಾಕಿದ್ದು ಮತ್ತೆ ಸಂಕುಚಿತಗೊಳ್ಳುತ್ತದೆ, ಮೂಲದ ಗುಣ ವಾಪಸು ಬರುವುದಿಲ್ಲ.

ಸಾಧ್ಯವಾದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಯನ್ನು ಸಂಪರ್ಕಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳುವಿರಾ ಎಂದು ಕೇಳಿ. ಕಲಾವಿದರ ಮನೆಯವರಿಗೂ ಅವರವರ ರೆಕಾರ್ಡಿಂಗ್ ಕೊಡಿ. ಹಳೆಯ ಕ್ಯಾಸೆಟ್, ಟೇಪುಗಳನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ. ಕರಾವಳಿಯ ತೇವಕ್ಕೆ ಅವುಗಳ ಮೇಲೆ ಬಿಳಿ ಬೂಷ್ಟು ಬರುತ್ತದೆ, ಅವನ್ನೂ ಒಣ ಡಬ್ಬಿಯಲ್ಲಿಡಿ. ಹೋದ ನಲವತ್ತು ರಾತ್ರಿಗಳಲ್ಲಿ ಕೆಲವಾದರೂ ಆ ಟೇಪುಗಳಲ್ಲಿ ಇರಬಹುದು, ಇವತ್ತೇ ಪಟ್ಟಿ ಹಿಡಿದು ನೋಡಿ.

ಇನ್ನು ಆ ಸತ್ತ ಡಿಸ್ಕ್. ದಯವಿಟ್ಟು ಫ್ರೀಜರ್‌ನಲ್ಲಿ ಇಡಬೇಡಿ. ತಣ್ಣಗಾದ ಡಿಸ್ಕನ್ನು ನಮ್ಮ ಹವೆಗೆ ತಂದೊಡನೆ ಒಳಗಿನ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ, ತಿರುಗಿಸಿದರೆ ತಲೆ ತಟ್ಟೆಯನ್ನು ಗೀರುತ್ತದೆ. ಅಲ್ಲಿಗೆ ಕೊನೆಯ ಆಸೆಯೂ ಹೋಗುತ್ತದೆ. ದೀಪವೂ ಇಲ್ಲ, ಸದ್ದೂ ಇಲ್ಲ ಎಂದು ನೀವು ಬರೆದದ್ದು ನನಗೆ ಆಶಾದಾಯಕವಾಗಿ ಕಾಣುತ್ತದೆ. ಟಕ್ ಟಕ್ ಎಂದು ಬಡಿಯುತ್ತಿದ್ದರೆ ಒಳಗಿನ ತಲೆಗೆ ಪೆಟ್ಟಾಗಿದೆ ಎನ್ನಬೇಕಿತ್ತು. ಸಿಡಿಲಿನ ಮರುದಿನ ಪೂರ್ತಿ ಮೌನವಾದರೆ ಬಹುಮಟ್ಟಿಗೆ ಅಡಾಪ್ಟರ್, ಯುಎಸ್‌ಬಿ ಬೋರ್ಡ್ ಅಥವಾ ಡಿಸ್ಕಿನ ಸರ್ಕ್ಯೂಟ್ ಸುಟ್ಟಿರುತ್ತದೆ, ತಟ್ಟೆಯ ಮೇಲಿನ ಡೇಟಾ ಇದ್ದ ಹಾಗೆ ಇರುವ ಸಂಭವ ಹೆಚ್ಚು. ಮೊದಲು ಅಡಾಪ್ಟರಿನಿಂದ 12 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿಸಿ. ಪಿನ್ನು ಹೊಂದುತ್ತದೆ ಎಂದು ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರನ್ನು ಮಾತ್ರ ಚುಚ್ಚಬೇಡಿ, ಡಿಸ್ಕಿನಲ್ಲಿ ಸುಡದೆ ಉಳಿದ ಭಾಗವನ್ನೂ ಅದು ಸುಡುತ್ತದೆ. ಅಡಾಪ್ಟರ್ ಸರಿಯಿದ್ದರೆ ಮುಂದಿನದನ್ನು ಊರಿನಲ್ಲಿ ಮಾಡಿಸಬೇಡಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕಿದರೆ ಆಯಿತು ಎನ್ನುವವರಿದ್ದಾರೆ. ಈಗಿನ ಡಿಸ್ಕ್‌ಗಳಲ್ಲಿ ಆ ಬೋರ್ಡಿನ ಒಂದು ಚಿಪ್ಪಿನಲ್ಲಿ ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಇರುತ್ತದೆ. ಆ ಚಿಪ್ಪನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯಬೇಕು, ಅದು ಕೈಪಳಗಿದವರ ಕೆಲಸ. ಹೊರಗಿನ ಪೆಟ್ಟಿಗೆಯನ್ನು ಎಸೆಯದೆ ಡಿಸ್ಕಿನ ಜೊತೆಗೇ ಇಟ್ಟುಕೊಳ್ಳಿ, ಡೇಟಾ ಗೂಢಲಿಪಿಯಲ್ಲಿದ್ದರೆ ಅದರೊಳಗಿನ ಬೋರ್ಡ್ ಬೇಕಾಗುತ್ತದೆ. ಅಡಾಪ್ಟರ್ ಪರೀಕ್ಷೆಯ ಫಲಿತಾಂಶವನ್ನೂ ಡಿಸ್ಕಿನ ಲೇಬಲ್ಲಿನ ಸ್ಪಷ್ಟವಾದ ಒಂದು ಫೋಟೊವನ್ನೂ ಕಳುಹಿಸಿ. ಯಾವ ಬಗೆಯ ರಿಪೇರಿ ಬೇಕಾದೀತು, ಹಣ ಕೊಡುವ ಮೊದಲು ರಿಕವರಿಯವರನ್ನು ಏನೇನು ಕೇಳಬೇಕು ಎಂದು ಬರೆದು ತಿಳಿಸುತ್ತೇನೆ.